ಗುಳಿಗೆ ಮೊದಲು, ಪ್ರಶ್ನೆ ಆಮೇಲೆ

2004ರ ಏಪ್ರಿಲ್ 1ರಂದು ಭಾರತ ಸರ್ಕಾರ ಎಚ್‌ಐವಿ ಸೋಂಕಿತರಿಗೆ ಉಚಿತವಾಗಿ ಎ.ಆರ್.ಟಿ., ಅಂದರೆ ವೈರಸ್ಸನ್ನು ಹತೋಟಿಯಲ್ಲಿಡುವ ಗುಳಿಗೆ ಕೊಡಲು ಶುರುಮಾಡಿತು. ಇಡೀ ದೇಶಕ್ಕೆ ಎಂಟು ಆಸ್ಪತ್ರೆ. ಕರ್ನಾಟಕದ ಪಾಲಿಗೆ ಬಂದದ್ದು ಬೆಂಗಳೂರಿನ ಬೌರಿಂಗ್ ಆಸ್ಪತ್ರೆ. ಉತ್ತರ ಕರ್ನಾಟಕದ ನವಲಗುಂದ–ಅಣ್ಣಿಗೇರಿ ಸೀಮೆಯ ಶಲವಡಿಯಂಥ ಊರಿನಿಂದ ಅದು ನಾನೂರು ಕಿಲೋಮೀಟರಿಗೂ ಆಚೆ. ಯಾರಿಗೆ ಮೊದಲು ಕೊಡಬೇಕೆಂದು ಸರ್ಕಾರ ಒಂದು ಆದ್ಯತೆಯ ಪಟ್ಟಿ ಮಾಡಿತ್ತು: ಸೋಂಕಿತ ತಾಯಂದಿರು, 15 ವರ್ಷದೊಳಗಿನ ಮಕ್ಕಳು, ಕಾಯಿಲೆ ಉಲ್ಬಣಿಸಿ ಸರ್ಕಾರಿ ಆಸ್ಪತ್ರೆ ಸೇರಿದವರು. ಹೀಗೆ ಪಟ್ಟಿಯಲ್ಲಿ ಮಕ್ಕಳಿದ್ದರು. ಆದರೆ ಮಕ್ಕಳ ಗುಳಿಗೆ ಇರಲಿಲ್ಲ.

ಆ ಹೊತ್ತಿಗೆ ವೈರಸ್ಸು ಉತ್ತರ ಕರ್ನಾಟಕದ ಹಳ್ಳಿಗಳನ್ನು ಹೊಕ್ಕು ವರ್ಷಗಳೇ ಆಗಿದ್ದವು. 1986ರಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರು ಚೆನ್ನೈನಲ್ಲಿ ದೇಶದ ಮೊದಲ ಸೋಂಕುಗಳನ್ನು ಪತ್ತೆಹಚ್ಚಿದಾಗ, ಇದು ದೊಡ್ಡ ಪಟ್ಟಣಗಳ, ಲಾರಿ ಹೆದ್ದಾರಿಗಳ ಕಾಯಿಲೆ ಎಂದೇ ಎಲ್ಲರ ಎಣಿಕೆ. ಎರೆ ಹೊಲದ ಊರಿಗೆ ಇದು ಬರುವ ದಾರಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ದಾರಿ ಇತ್ತು. ಹಿಂಗಾರಿ ಕೈಕೊಟ್ಟ ವರ್ಷ ಗಂಡಸರು ದುಡಿಯಲು ಗೋವಾಕ್ಕೆ, ಮೀರಜಕ್ಕೆ, ಮುಂಬೈಗೆ ಹೋಗುತ್ತಿದ್ದರು. ಮಲಪ್ರಭೆಯ ಆಚೆ ದಂಡೆಯ ಸವದತ್ತಿ ಸೀಮೆಯಿಂದ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ದೇವದಾಸಿ ಹೆಣ್ಣುಮಕ್ಕಳು ಸಾಂಗ್ಲಿ, ಪುಣೆ, ಮುಂಬೈಯ ಬೀದಿಗಳಿಗೆ ಸಾಗುತ್ತಿದ್ದರು. ದೇವದಾಸಿಯಾಗಿ ಮುತ್ತು ಕಟ್ಟಿ ಬಿಡುವುದನ್ನು ನಿಷೇಧಿಸುವ ಕಾನೂನನ್ನು ಕರ್ನಾಟಕ 1982ರಲ್ಲೇ ಮಾಡಿತ್ತು. ಆ ಕಾನೂನು ಮುತ್ತು ಕಟ್ಟುವುದನ್ನು ಗುಟ್ಟಿಗೆ ತಳ್ಳಿತು. ಕಟ್ಟಿಸಿಕೊಂಡವರ ಹೊಟ್ಟೆಪಾಡಿಗೆ ಬೇರೆ ದಾರಿ ತೋರಿಸುವಲ್ಲಿ ಬಹಳ ಹಿಂದೆ ಬಿತ್ತು.

2001ರಲ್ಲಿ ಶುರುವಾದ ಭಾರತ–ಕೆನಡಾ ಸಹಯೋಗದ ಯೋಜನೆಯೊಂದು ಬಾಗಲಕೋಟೆ ಜಿಲ್ಲೆಯನ್ನು ತನ್ನ ಮಾದರಿ ಕ್ಷೇತ್ರವಾಗಿ ಆರಿಸಿಕೊಂಡಿತು. ಹಿಂದೆ ಇದ್ದವರು ಮ್ಯಾನಿಟೋಬಾ ವಿಶ್ವವಿದ್ಯಾಲಯದ ಸ್ಟೀಫನ್ ಮೋಸಸ್, ಜೇಮ್ಸ್ ಬ್ಲಾಂಚರ್ಡ್ ಮತ್ತು ಅವರ ತಂಡ. 2003ರಲ್ಲಿ ಅಲ್ಲಿ ಮನೆಮನೆಗೆ ಹೋಗಿ ವಯಸ್ಕರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 2.9 ಮಂದಿಯಲ್ಲಿ ಸೋಂಕು ಕಂಡಿತು. ಅದೂ ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಹೆಚ್ಚು. ಇದೇ ಬಳಗ ರಾಜ್ಯದ 1,588 ಲೈಂಗಿಕ ವೃತ್ತಿಯ ಮಹಿಳೆಯರನ್ನು ಮಾತನಾಡಿಸಿದಾಗ ನೂರಕ್ಕೆ 26 ಮಂದಿ ದೇವದಾಸಿ ಪದ್ಧತಿಯ ಮೂಲಕ ಈ ಕೆಲಸಕ್ಕೆ ಬಂದವರಾಗಿದ್ದರು. ಈ ಅಂಕಿ ಹೊರಬಿದ್ದ ಮೇಲೆ ಊರೂರಲ್ಲಿ ತಪ್ಪೆಲ್ಲ ಆ ಹೆಣ್ಣುಮಕ್ಕಳದ್ದೇ ಎಂಬಂತೆ ಮಾತು ಹರಿದಾಡಿತು. ಅವರ ಬಳಿ ಹೋಗಿ ಮನೆಗೆ ಮರಳಿದ ಗಂಡಸರ ಲೆಕ್ಕ ಯಾವ ಕಟ್ಟೆಯ ಮೇಲೂ ಚರ್ಚೆಗೆ ಬರಲಿಲ್ಲ.

ಸೋಂಕು ಎಷ್ಟಿತ್ತು, ಯಾಕೆ ಇಳಿಯಿತು ಎಂಬುದರಲ್ಲಿ ತಜ್ಞರಿಗೆ ಇಂದಿಗೂ ಒಮ್ಮತವಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ತಪಾಸಣೆಗೆ ಬಂದ 15ರಿಂದ 24ರ ಪ್ರಾಯದ ಗರ್ಭಿಣಿಯರಲ್ಲಿ ಸೋಂಕು 2000ದಲ್ಲಿ ಶೇ. 1.7 ಇದ್ದದ್ದು 2004ಕ್ಕೆ ಶೇ. 1.1ಕ್ಕೆ ಇಳಿದಿದೆ ಎಂದು 2006ರ ಲ್ಯಾನ್ಸೆಟ್ ಲೇಖನ ಹೇಳಿತು. ಮರುವರ್ಷ ದೇಶದ ಒಟ್ಟು ಸೋಂಕಿತರ ಅಂದಾಜೇ 52 ಲಕ್ಷದಿಂದ 25 ಲಕ್ಷಕ್ಕೆ ಕುಸಿಯಿತು. ಅಷ್ಟು ಜನ ಗುಣವಾಗಿರಲಿಲ್ಲ, ಎಣಿಸುವ ವಿಧಾನ ಬದಲಾಗಿತ್ತು. ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಕಾರ್ಯಕ್ರಮ 2003ರಿಂದ 2008ರ ನಡುವೆ ಸುಮಾರು ಒಂದು ಲಕ್ಷ ಸೋಂಕುಗಳನ್ನು ತಪ್ಪಿಸಿತು ಎಂದು ಒಂದು ಅಂದಾಜು ಬಂದರೆ, ಇಳಿಕೆ ಅದಕ್ಕೂ ಮೊದಲೇ ಶುರುವಾಗಿತ್ತಲ್ಲ ಎಂದು ಕೇಳಿದವರಿದ್ದರು. ಈ ವಾದವೆಲ್ಲ ದೊಡ್ಡವರ ಸೋಂಕಿನದ್ದು. ಅವರ ಮಕ್ಕಳು ಬೇರೆಯದೇ ಒಂದು ಲೆಕ್ಕಕ್ಕೆ ಸೇರಿದವರು.

ಆ ಲೆಕ್ಕ ಕಠೋರವಾದದ್ದು. ಔಷಧಿ ಇಲ್ಲದ ಕಾಲದಲ್ಲಿ, ಹುಟ್ಟುವಾಗ ಅಥವಾ ಎದೆಹಾಲಿನಿಂದ ಸೋಂಕು ಹತ್ತಿದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎರಡನೆಯ ಹುಟ್ಟುಹಬ್ಬ ಕಾಣುತ್ತಿರಲಿಲ್ಲ. ಆಫ್ರಿಕದ ಅಧ್ಯಯನಗಳಿಂದ ಸ್ಪಷ್ಟವಾಗಿ ತಿಳಿದ ಸಂಗತಿ ಇದು. ನಮ್ಮ ಹಳ್ಳಿಗಳಲ್ಲಿ ಅಂಥ ಕೂಸುಗಳು ಭೇದಿಯಿಂದ, ನ್ಯುಮೋನಿಯಾದಿಂದ ತೀರಿಕೊಂಡವು ಎಂದಷ್ಟೇ ದಾಖಲಾದವು, ಅಥವಾ ದಾಖಲಾಗಲೇ ಇಲ್ಲ. ಉಳಿದದ್ದು ಕಾಯಿಲೆ ನಿಧಾನಕ್ಕೆ ಏರುವ ಮಕ್ಕಳು. ಕಿವಿ ಸೋರುವುದು, ಮೈಮೇಲೆ ಗುಳ್ಳೆ, ಆಗಾಗ ಜ್ವರ, ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಅಪ್ಪ ತೀರಿಕೊಂಡು, ಆಮೇಲೆ ಅವ್ವನೂ ಹಾಸಿಗೆ ಹಿಡಿದಾಗ ಯಾರೋ ಡಾಕ್ಟರು ‘ಈ ಮಗುವಿಗೂ ಒಮ್ಮೆ ಪರೀಕ್ಷೆ ಮಾಡಿಸಿ’ ಎನ್ನುವ ಹೊತ್ತಿಗೆ ಅದು ಏಳನೆಯದೋ ಎಂಟನೆಯದೋ ವರ್ಷಕ್ಕೆ ಕಾಲಿಟ್ಟಿರುತ್ತಿತ್ತು. ತಾಯಿಗೆ ಹೆರಿಗೆ ನೋವಿನಲ್ಲಿ ಒಂದು ನೆವಿರಪಿನ್ ಗುಳಿಗೆ, ಕೂಸಿಗೆ ಮೂರು ದಿನದೊಳಗೆ ಒಂದು ತೊಟ್ಟು: ಉಗಾಂಡದಲ್ಲಿ ಪ್ರಯೋಗವಾಗಿ 1999ರಲ್ಲಿ ಪ್ರಕಟವಾದ ಈ ಅಗ್ಗದ ಉಪಾಯ ಭಾರತದ ದೊಡ್ಡ ಆಸ್ಪತ್ರೆಗಳನ್ನು ಮುಟ್ಟಿದ್ದು 2000ದ ನಂತರ. ಅದಕ್ಕೂ ಮೊದಲು ಹುಟ್ಟಿದವರಿಗೆ, ಮನೆಯಲ್ಲೇ ಹೆರಿಗೆಯಾದವರಿಗೆ ಅದು ಸಿಗಲಿಲ್ಲ. ಮುಂದೆ ನಾವು ‘ಹದಿಹರೆಯದ ಎಚ್‌ಐವಿ ಸೋಂಕಿತರು’ ಎಂದು ಗುರುತಿಸಿದ ಮೊದಲ ತಲೆಮಾರು ಇದೇ.

2004ರಿಂದ 2006ರ ತನಕ ಇವರಿಗೆ ಸಿಕ್ಕದ್ದು ದೊಡ್ಡವರ ಗುಳಿಗೆಯ ತುಂಡು. ಸ್ಟಾವುಡಿನ್, ಲಾಮಿವುಡಿನ್, ನೆವಿರಪಿನ್ ಮೂರೂ ಸೇರಿದ ಒಂದು ಗುಳಿಗೆಯನ್ನು ತೂಕ ನೋಡಿ ಅರ್ಧ ಮುರಿದು ಕೊಡುವುದು. ಮೂರೂ ಔಷಧಿ ಎರಡೂ ತುಂಡಿನಲ್ಲಿ ಸಮನಾಗಿ ಹಂಚಿಕೆಯಾಗಿದೆಯೇ ಎಂಬುದಕ್ಕೆ ಖಾತ್ರಿ ಇಲ್ಲ. ಮೇಲಾಗಿ ನೆವಿರಪಿನ್ ಮಗುವಿನ ಮೈಯಲ್ಲಿ ದೊಡ್ಡವರಿಗಿಂತ ಬೇಗ ಖರ್ಚಾಗುತ್ತದೆ. ಸಮ ಅರ್ಧ ಕೊಟ್ಟರೆ ಅದಕ್ಕೆ ಸಿಗಬೇಕಾದ್ದಕ್ಕಿಂತ ಕಡಿಮೆ ಸಿಗುತ್ತದೆ. ದ್ರವರೂಪದ ಸ್ಟಾವುಡಿನ್ ಇತ್ತು, ಆದರೆ ಅದನ್ನು ಫ್ರಿಜ್‌ನಲ್ಲಿ ಇಡಬೇಕು, ಫ್ರಿಜ್ ಇದ್ದ ಮನೆಗಳು ಯಾವುವು? ಹೀಗೆ ಕೊರತೆಯಾದ ಔಷಧಿಯ ಜೊತೆ ವೈರಸ್ಸು ಹೊಂದಿಕೊಳ್ಳುವುದನ್ನು ಕಲಿಯಿತು. ಅದರ ಫಲ ಹೊರಬಿದ್ದದ್ದು ವರ್ಷಗಳ ನಂತರ, ಹುಡುಗ ಹೈಸ್ಕೂಲಿಗೆ ಬಂದ ಮೇಲೆ. ಸ್ಟಾವುಡಿನ್‌ನ ಇನ್ನೊಂದು ಪೆಟ್ಟು ನೇರವಾಗಿ ಮುಖದ ಮೇಲೆ. ಕೆನ್ನೆಯ ಕೊಬ್ಬು ಕರಗಿ, ಗಲ್ಲ ಒಳಕ್ಕೆ ಹೋಗುತ್ತದೆ. ಕನ್ನಡಿ ನೋಡುವ ವಯಸ್ಸಿನಲ್ಲಿ ಇದು ಬಂದು ಗುಳಿಗೆ ಬಿಡುವವರನ್ನು ಬರೀ ‘ಹಟಮಾರಿ’ ಎಂದು ಬೈದರೆ ಹೇಗೆ?

2006ರ ನವೆಂಬರ್ 30ರಂದು ಕ್ಲಿಂಟನ್ ಪ್ರತಿಷ್ಠಾನದ ನೆರವಿನೊಂದಿಗೆ ರಾಷ್ಟ್ರೀಯ ಮಕ್ಕಳ ಎ.ಆರ್.ಟಿ. ಕಾರ್ಯಕ್ರಮ ಶುರುವಾಯಿತು. ಮಕ್ಕಳಿಗೆಂದೇ ಮಾಡಿದ, ತೂಕಕ್ಕೆ ತಕ್ಕಂತೆ ಎಣಿಸಿ ಕೊಡಬಹುದಾದ ಗುಳಿಗೆಗಳು ಬಂದವು. ಹುಬ್ಬಳ್ಳಿಯ ಕಿಮ್ಸ್‌ನಂಥ ಆಸ್ಪತ್ರೆಗಳಲ್ಲಿ ಎ.ಆರ್.ಟಿ. ಸಿಗತೊಡಗಿತು, ಮುಂದೆ ತಾಲ್ಲೂಕು ಮಟ್ಟಕ್ಕೆ ಲಿಂಕ್ ಎ.ಆರ್.ಟಿ. ಕೇಂದ್ರಗಳು ಬಂದವು. ಮೈಸೂರಿನಲ್ಲಿ 1997ರಿಂದಲೇ ನಡೆಯುತ್ತಿದ್ದ ಆಶಾಕಿರಣ ಆಸ್ಪತ್ರೆಯ ಡಾ. ಎಸ್. ಎನ್. ಮೋತಿ ಅವರಂಥ ಮಕ್ಕಳ ವೈದ್ಯರ ಅನುಭವ ರಾಜ್ಯಕ್ಕೆ ಬೆನ್ನಿಗಿತ್ತು. ಮಕ್ಕಳು ಬದುಕಿದರು. ತೂಕ ಏರಿತು, ಶಾಲೆಗೆ ಮರಳಿದರು. ಈ ಕಥೆಯ ದೊಡ್ಡ ಗೆಲುವು ಇದು. ಮುಂದಿನ ತೊಡಕುಗಳೆಲ್ಲ ಈ ಗೆಲುವಿನ ಹೊಟ್ಟೆಯಲ್ಲೇ ಹುಟ್ಟಿದವು.

ಬದುಕಿದ ಮಕ್ಕಳನ್ನು ಸಾಕಿದವರಲ್ಲಿ ಅಜ್ಜಿಯಂದಿರೇ ಹೆಚ್ಚು. ಎಷ್ಟೋ ಕಡೆ ಸೋದರಮಾವ, ಕೆಲವರಿಗೆ ಬೆಳಗಾವಿ, ಬೆಂಗಳೂರಿನ ಸಂಸ್ಥೆಗಳ ಹಾಸ್ಟೆಲು. ಎ.ಆರ್.ಟಿ. ಕೇಂದ್ರದಲ್ಲಿ ಪ್ರತಿಯೊಬ್ಬರಿಗೂ ಒಂದು ಹಸಿರು ಪುಸ್ತಕ ಕೊಡುತ್ತಾರೆ. ತೂಕ, ಸಿಡಿ4 ರಕ್ತಕಣದ ಎಣಿಕೆ, ಮುಂದಿನ ತಾರೀಖು ಎಲ್ಲ ಅದರಲ್ಲೇ. ಹಳ್ಳಿಯ ಮನೆಯಲ್ಲಿ ಅದರ ಜಾಗ ಟ್ರಂಕಿನ ತಳ, ಸೀರೆಗಳ ಕೆಳಗೆ. ಡಬ್ಬಿ ಅಲುಗಿದರೆ ಸಪ್ಪಳವಾಗುತ್ತದೆಂದು ಗುಳಿಗೆಗಳನ್ನು ಅರಿವೆಯಲ್ಲಿ ಸುತ್ತಿ ಇಡುತ್ತಾರೆ. ಡಬ್ಬಿಯ ಚೀಟಿ ಮೊದಲ ದಿನವೇ ಕಿತ್ತು ಒಲೆಗೆ ಹೋಗುತ್ತದೆ. ‘ಇದು ಯಾತರ ಗುಳಗಿ ಆಯಿ?’ ಎಂದು ಕೇಳಿದ ಮೊಮ್ಮಗನಿಗೆ ಸಿಗುವ ಉತ್ತರ, ‘ನಿನ್ನ ಮೈಯಾಗ ರಕ್ತ ಕಡಿಮಿ ಐತಿ, ಶಕ್ತಿ ಗುಳಗಿ ಅದು, ಸುಮ್ಮ ನುಂಗು.’ ಎಂಟನೆಯ ವರ್ಷಕ್ಕೆ ಈ ಉತ್ತರ ಸಾಕು. ಹದಿಮೂರಕ್ಕೆ ಸಾಲದು. ಆ ವಯಸ್ಸಿನವರು ಆಸ್ಪತ್ರೆಯ ಗೋಡೆಯ ಮೇಲಿನ ಪೋಸ್ಟರ್ ಓದುತ್ತಾರೆ, ಅಪ್ಪ ಅವ್ವ ಸತ್ತ ಬಗೆಯನ್ನು ಕೂಡಿಸಿ ನೋಡುತ್ತಾರೆ, ಗೊತ್ತಾದದ್ದನ್ನು ಯಾರಿಗೂ ಹೇಳುವುದಿಲ್ಲ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ ಅವರ ಕಾಯಿಲೆಯ ವಿಷಯವನ್ನು ಹಂತಹಂತವಾಗಿ ತಿಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಮಾರ್ಗಸೂಚಿ ಕೊಟ್ಟಿತು. ಆದರೆ ಹೇಳಬೇಕಾದವಳು ಅಜ್ಜಿ. ಹೇಳಿದರೆ ಮಗಳ ಸಾವಿನ ಕಥೆಯನ್ನೂ ಹೇಳಬೇಕಾಗುತ್ತದೆ. ಹುಡುಗ ಶಾಲೆಯಲ್ಲಿ ಬಾಯಿಬಿಟ್ಟರೆ? 2003ರಲ್ಲಿ ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ಸೋಂಕಿತ ಅಕ್ಕ–ತಮ್ಮನನ್ನು ಶಾಲೆಯಿಂದ ಹೊರಗಿಟ್ಟ ಸುದ್ದಿ, ಆಗಿನ ಕೇಂದ್ರ ಆರೋಗ್ಯ ಸಚಿವೆ ಸುಷ್ಮಾ ಸ್ವರಾಜ್ ಆ ಮಕ್ಕಳನ್ನು ಅಪ್ಪಿಕೊಂಡ ಚಿತ್ರ, ಎರಡನ್ನೂ ದೇಶ ನೋಡಿತ್ತು. ಸಚಿವರು ಎಲ್ಲ ಊರಿಗೂ ಬರುವುದಿಲ್ಲ ಎಂಬುದು ಅಜ್ಜಿಗೆ ಗೊತ್ತಿತ್ತು.

ಇದೇ ಹೊತ್ತಿಗೆ ಇನ್ನೊಂದು ಬಾಗಿಲೂ ಮುಚ್ಚಿತು. ಪ್ರೌಢಶಾಲೆಗಳಿಗೆಂದು ಕೇಂದ್ರ ತಯಾರಿಸಿದ್ದ ಹದಿಹರೆಯದ ಶಿಕ್ಷಣದ ಪಠ್ಯವನ್ನು 2007ರಲ್ಲಿ ಹಲವು ರಾಜ್ಯಗಳು ಸಂಸ್ಕೃತಿಗೆ ಒಗ್ಗದು ಎಂದು ತಡೆಹಿಡಿದವು. ಕರ್ನಾಟಕವೂ ಅವುಗಳಲ್ಲಿ ಒಂದು. ಆ ಪುಸ್ತಕದಲ್ಲಿ ದೋಷಗಳಿದ್ದಿರಬಹುದು, ತಿದ್ದಬಹುದಿತ್ತು. ಸೋಂಕು ಹೊತ್ತು ಹುಟ್ಟಿದ ಮೊದಲ ತಲೆಮಾರು ಹೈಸ್ಕೂಲು ಮೆಟ್ಟಿಲು ಹತ್ತುವಾಗಲೇ ಆ ವಿಷಯ ತರಗತಿಯಿಂದ ಕಾಣೆಯಾಯಿತು. ಇದನ್ನು ಕಾಕತಾಳೀಯ ಎಂದು ಬಿಟ್ಟುಬಿಡಲು ನನಗೆ ಮನಸ್ಸಾಗುವುದಿಲ್ಲ.

ಲೆಕ್ಕದ ಪುಸ್ತಕದಲ್ಲಂತೂ ಈ ಹುಡುಗರು ಇರಲೇ ಇಲ್ಲ. ಕಾರ್ಯಕ್ರಮದ ಅಂಕಿಅಂಶದಲ್ಲಿ ಎರಡೇ ಅಂಕಣ: 15 ವರ್ಷದೊಳಗಿನವರು ‘ಮಕ್ಕಳು’, ಅದರ ಮೇಲಿನವರು ‘ವಯಸ್ಕರು’. ವಿಶ್ವ ಆರೋಗ್ಯ ಸಂಸ್ಥೆ ಹದಿಹರೆಯ ಎಂದು ಕರೆಯುವ 10ರಿಂದ 19ರ ವಯಸ್ಸು ಹೀಗೆ ನಡುವೆ ಸೀಳಿಹೋಯಿತು. ಹದಿನಾಲ್ಕರವನು ಚಿಕ್ಕ ಕೂಸುಗಳ ಸರಾಸರಿಯಲ್ಲಿ, ಹದಿನಾರರವಳು ನಲವತ್ತರವರ ಸರಾಸರಿಯಲ್ಲಿ ಕರಗಿದರು. ಹೊರಗಿನ ಜಗತ್ತಿನಲ್ಲೂ ಇದೇ ಕಥೆ. 2013ರಲ್ಲಿ ಯುನಿಸೆಫ್ ಈ ವಯಸ್ಸಿನವರನ್ನು ಬೇರೆಯಾಗಿ ಎಣಿಸಿದಾಗ ಎಲ್ಲರೂ ಬೆಚ್ಚಿದರು. 2005ರಿಂದ 2012ರ ನಡುವೆ ಜಗತ್ತಿನಲ್ಲಿ ಏಡ್ಸ್ ಸಾವು ಒಟ್ಟಾರೆ ಶೇ. 30ರಷ್ಟು ಇಳಿದಿತ್ತು, ಹದಿಹರೆಯದವರಲ್ಲಿ ಮಾತ್ರ ಶೇ. 50ರಷ್ಟು ಏರಿತ್ತು.

ಸಂಶೋಧನೆ ದಿಕ್ಕು ತಿರುಗಿಸಿದ್ದು ಇಲ್ಲಿಂದ. ಅಷ್ಟು ವರ್ಷ ಅದು ಕೇಳಿದ ಪ್ರಶ್ನೆಗಳೆಲ್ಲ ಹಸುಗೂಸಿನ ಬಗ್ಗೆ ಅಥವಾ ವಯಸ್ಕರ ಬಗ್ಗೆ. ಕೂಸಿಗೆ ಸೋಂಕು ಗೊತ್ತಾದ ಕೂಡಲೇ ಔಷಧಿ ಕೊಟ್ಟರೆ ಸಾವು ಶೇ. 76ರಷ್ಟು ಇಳಿಯುತ್ತದೆ ಎಂದು 2008ರಲ್ಲಿ ದಕ್ಷಿಣ ಆಫ್ರಿಕದ ಪ್ರಯೋಗ ತೋರಿಸಿತು, ಜಗತ್ತೇ ನೀತಿ ಬದಲಿಸಿತು. ಹದಿನೈದರ ಹುಡುಗಿ ಗುಳಿಗೆ ಯಾಕೆ ಬಿಡುತ್ತಾಳೆ ಎಂಬುದಕ್ಕೆ ಅಂಥ ಪ್ರಯೋಗ ಇರಲಿಲ್ಲ. ಭಾರತದಲ್ಲಿ ಇದಕ್ಕೊಂದು ವಿಚಿತ್ರ ಕಾರಣವೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೈತಿಕ ನಿಯಮದ ಪ್ರಕಾರ ಅಪ್ರಾಪ್ತರ ಮೇಲಿನ ಅಧ್ಯಯನಕ್ಕೆ ತಂದೆತಾಯಿಯ ಅಥವಾ ಪೋಷಕರ ಒಪ್ಪಿಗೆ ಬೇಕು; ಜೊತೆಗೆ 12 ದಾಟಿದವರಿಂದ ಅವರದೇ ಲಿಖಿತ ಸಮ್ಮತಿ ಬೇಕು. ನಿಯಮ ಸರಿಯೇ. ಆದರೆ ಸಮ್ಮತಿ ಪತ್ರದ ಮೊದಲ ಸಾಲಿನಲ್ಲೇ ಕಾಯಿಲೆಯ ಹೆಸರು ಇರುತ್ತದೆ. ಹೆಸರು ಗೊತ್ತಿಲ್ಲದ ಹುಡುಗನ ಮುಂದೆ ಆ ಕಾಗದ ಇಡುವುದು ಹೇಗೆ? ಇಡಬಾರದು. ಹಾಗಾಗಿ ಮನೆಯವರು ಗುಟ್ಟು ಕಾಯ್ದ ಮಕ್ಕಳು, ಅಂದರೆ ಅತಿ ಹೆಚ್ಚು ತೊಂದರೆಯಲ್ಲಿದ್ದವರು, ಅಧ್ಯಯನದಿಂದ ಹೊರಗೇ ಉಳಿದರು. ತಂದೆತಾಯಿ ಇಬ್ಬರೂ ಇಲ್ಲದವರ ಪರವಾಗಿ ಯಾರ ಸಹಿ ಎಂಬುದು ಇನ್ನೊಂದು ಗಂಟು. ಪ್ರಕಟವಾದ ಫಲಿತಾಂಶಗಳಲ್ಲಿ ನಾವು ಓದುವುದು ಬಹುಮಟ್ಟಿಗೆ ವಿಷಯ ತಿಳಿದ, ಕೇಂದ್ರಕ್ಕೆ ತಪ್ಪದೆ ಬರುವ, ಹಾಸ್ಟೆಲಿನಲ್ಲಿ ಬೆಳೆದ ಹುಡುಗರ ಕಥೆ.

ವಯಸ್ಕರ ಮೇಲೆ ನಡೆದದ್ದಾದರೂ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ಅನಿತಾ ಶೆಟ್ ಮತ್ತು ಸಂಗಡಿಗರ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ದಕ್ಷಿಣ ಭಾರತದ ಮೂರು ಕೇಂದ್ರಗಳಲ್ಲಿ 631 ವಯಸ್ಕರನ್ನು ಸೇರಿಸಿ, ಅರ್ಧದಷ್ಟು ಜನಕ್ಕೆ ಗುಳಿಗೆ ನೆನಪಿಸುವ ಮೊಬೈಲ್ ಕರೆ ಮತ್ತು ಚಿತ್ರಸಂದೇಶ ಕಳಿಸಿದರು. ಮೊಬೈಲೇ ಎಲ್ಲಕ್ಕೂ ಮದ್ದು ಎಂದು ಜನ ನಂಬಿದ್ದ ಕಾಲ. 2014ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂದ ಫಲಿತಾಂಶ: ಕರೆ ಹೋದವರಿಗೂ ಹೋಗದವರಿಗೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ನಮ್ಮ ಕಡೆಯ ಹುಡುಗನ ವಿಷಯದಲ್ಲಿ ಇನ್ನೂ ಒಂದು ತೊಡಕು, ಮನೆಯಲ್ಲಿದ್ದ ಫೋನು ಕಾಕಾನದು. ವಿಫಲವಾದ ಪ್ರಯೋಗವನ್ನು ಮುಚ್ಚಿಡದೆ ಪ್ರಕಟಿಸಿದ್ದಕ್ಕೆ ಆ ತಂಡಕ್ಕೆ ಋಣಿಯಾಗಿರಬೇಕು. ಮರೆವು ಮುಖ್ಯ ಕಾರಣವಲ್ಲದಿದ್ದರೆ ಮತ್ತೇನು ಎಂದು ಹುಡುಕಲು ಅದು ದಾರಿ ಮಾಡಿತು.

ಹುಡುಕಿದವರಿಗೆ ಸಿಕ್ಕ ಎರಡು ಉತ್ತರಗಳೂ ಹೊರದೇಶಗಳಿಂದ ಬಂದವು. 11 ದೇಶಗಳಲ್ಲಿ ನಡೆದ ‘ಬ್ರೀದರ್’ ಪ್ರಯೋಗ, ಎಳೆಯರು ವಾರಕ್ಕೆ ಐದು ದಿನ ಗುಳಿಗೆ ನುಂಗಿ ಎರಡು ದಿನ ರಜೆ ತೆಗೆದುಕೊಂಡರೆ ಏನಾಗುತ್ತದೆ ಎಂದು ನೋಡಿತು. ಅವರ ಗುಳಿಗೆಯಲ್ಲಿದ್ದ ಎಫಾವಿರೆಂಜ್ ಎಂಬ ಔಷಧಿ ನುಂಗಿದ ರಾತ್ರಿ ತಲೆ ತಿರುಗುತ್ತದೆ, ಕೆಟ್ಟ ಕನಸು ಬೀಳುತ್ತವೆ. ಅದರಿಂದ ಬಿಡುವು ಕೊಡಿ ಎಂಬುದು ಆ ವಯಸ್ಸಿನವರದೇ ಕೋರಿಕೆ. ವರ್ಷದ ಕೊನೆಗೆ ವೈರಸ್ಸು ಹತೋಟಿಯಲ್ಲೇ ಇತ್ತು. ಇನ್ನೊಂದು ಜಿಂಬಾಬ್ವೆಯ ‘ಜ್ವಾಂದಿರಿ’. ಅಲ್ಲಿ ಸೋಂಕಿತ ತರುಣರೇ ತರಬೇತಿ ಪಡೆದು ಕಿರಿಯರ ಮನೆಗೆ ಹೋಗುತ್ತಾರೆ. 2020ರಲ್ಲಿ ಬಂದ ಫಲಿತಾಂಶದಂತೆ, ಇಂಥ ಅಣ್ಣ–ಅಕ್ಕಂದಿರ ಬೆಂಬಲ ಸಿಕ್ಕ ಗುಂಪಿನಲ್ಲಿ ಚಿಕಿತ್ಸೆ ಸೋತವರು ಅಥವಾ ತೀರಿಕೊಂಡವರು ಶೇ. 25, ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಶೇ. 36. ಕರ್ನಾಟಕ–ತಮಿಳುನಾಡು ಗಡಿಯ ಕೃಷ್ಣಗಿರಿ ಬಳಿಯ ಸ್ನೇಹಗ್ರಾಮದಂಥ ವಸತಿ ಸಂಸ್ಥೆಗಳಲ್ಲಿ ಬೆಳೆದ ಸೋಂಕಿತ ತರುಣರು ‘ಐ ಆ್ಯಮ್ ಪಾಸಿಬಲ್’ ಫೆಲೋಶಿಪ್ ಹೆಸರಿನಲ್ಲಿ ಇಂಥದೇ ಕೆಲಸಕ್ಕೆ ಕೈಹಚ್ಚಿದ್ದಾರೆ.

ಇವುಗಳ ನಡುವೆ, 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಏಡ್ಸ್ ಸೊಸೈಟಿ ಸೇರಿ ಹದಿಹರೆಯದ ಸೋಂಕಿತರ ಆರೈಕೆಗೆ ಯಾವ ಸಂಶೋಧನೆ ಮೊದಲು ಆಗಬೇಕು ಎಂಬ ಪಟ್ಟಿ ಹೊರತಂದವು. ಜಗತ್ತಿನ ನಾನಾ ಕಡೆಯ ವೈದ್ಯರು, ಸಂಶೋಧಕರು, ಕಾರ್ಯಕರ್ತರಿಂದ ಪ್ರಶ್ನೆ ತರಿಸಿ, ಉತ್ತರ ಸಿಗುವಂಥದ್ದೇ, ಸಿಕ್ಕರೆ ಯಾರಿಗೆ ಎಷ್ಟು ಉಪಯೋಗ ಎಂದು ಅಂಕ ಹಾಕಿ ಆರಿಸಿದ್ದು. ಪರೀಕ್ಷೆ, ಚಿಕಿತ್ಸೆ, ಸೇವೆ ತಲುಪಿಸುವ ಬಗೆ ಎಂದು ಮೂರು ಭಾಗ. ನನ್ನ ಗಮನ ಸೆಳೆಯುವುದು ಮೂರನೆಯದು. ಕೇಂದ್ರಕ್ಕೆ ಬರುವುದನ್ನು ಬಿಟ್ಟವರನ್ನು ಕರೆತರುವುದು, ಮನಸ್ಸಿನ ಆರೈಕೆ, ದೊಡ್ಡವರ ಸರದಿಗೆ ಹೊರಳುವ ಹೊತ್ತು: ಔಷಧಿ ಮುರಿದು ಕೊಟ್ಟ ಕಾಲದಲ್ಲಿ ಇವೆಲ್ಲ ಸಂಶೋಧನೆ ಅನ್ನಿಸಿಕೊಳ್ಳುತ್ತಲೇ ಇರಲಿಲ್ಲ. ಕೌನ್ಸೆಲರ್ ಬಿಡುವಾದಾಗ ನೋಡಿಕೊಳ್ಳಲಿ ಎಂಬ ಕೆಲಸಗಳಾಗಿದ್ದವು.

ಅದೇ ವರ್ಷ ಭಾರತ ಎಚ್‌ಐವಿ–ಏಡ್ಸ್ ಕಾಯ್ದೆ ಮಾಡಿತು. ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ಅದರಲ್ಲಿ ಒಂದು ಕಲಮು ಓದಿದಾಗ ಈ ಸೀಮೆಯ ಮನೆಗಳೇ ಕಣ್ಣಮುಂದೆ ಬರುತ್ತವೆ. ಸೋಂಕಿನಿಂದ ನೊಂದ ಕುಟುಂಬವನ್ನು ನಡೆಸುತ್ತಿರುವ, ತಿಳಿವಳಿಕೆಯುಳ್ಳ, 12 ದಾಟಿದ ಅಕ್ಕನೋ ಅಣ್ಣನೋ ತನ್ನ ಒಡಹುಟ್ಟಿದವರಿಗೆ ಪೋಷಕರಾಗಬಹುದು. ಶಾಲೆಗೆ ಸೇರಿಸಬಹುದು, ಚಿಕಿತ್ಸೆಗೆ ಒಪ್ಪಿಗೆ ಕೊಡಬಹುದು, ಬ್ಯಾಂಕ್ ಖಾತೆ ನಡೆಸಬಹುದು. ತಮ್ಮನಿಗೆ ಒಪ್ಪಿಗೆ ಕೊಡಬಲ್ಲ ಆ ಅಕ್ಕ, ತನ್ನ ರಕ್ತಪರೀಕ್ಷೆ ಮಾಡಿಸಿಕೊಳ್ಳಲು ಮಾತ್ರ ಇನ್ನೊಬ್ಬ ಪೋಷಕರ ಸಹಿಗೆ ಕಾಯಬೇಕು. 2012ರ ಪೋಕ್ಸೊ ಕಾಯ್ದೆಯಿಂದ ಕೌನ್ಸೆಲರ್‌ಗಳಿಗೆ ಬಂದ ಇಕ್ಕಟ್ಟು ಬೇರೆ. ಹದಿನೇಳರ ಹುಡುಗಿ ತನಗೊಬ್ಬ ಗೆಳೆಯನಿದ್ದಾನೆ ಎಂದು ಬಾಯಿಬಿಟ್ಟು, ಮಾತು ದೇಹಸಂಬಂಧದವರೆಗೆ ಮುಂದುವರಿದರೆ ಕಾನೂನಿನಂತೆ ಪೊಲೀಸರಿಗೆ ತಿಳಿಸಬೇಕಾಗುತ್ತದೆ. ಹಾಗಾಗಿ ಅವಳು ಹೇಳುವುದಿಲ್ಲ, ಇವರೂ ಕೇಳುವುದಿಲ್ಲ.

ಒಂದು ಪ್ರಶ್ನೆಗೆ ಮಾತ್ರ ಉತ್ತರ ಯಾವ ಪ್ರಯೋಗಕ್ಕೂ ಕಾಯದೆ ಬಂತು. ತಿಂಗಳಿಗೊಮ್ಮೆ ಗುಳಿಗೆಗೆ ಹೋಗುವುದೆಂದರೆ ಶಾಲೆಗೆ ಒಂದು ದಿನ ಖೋತಾ ಆಗುತ್ತಿತ್ತು. ಪ್ರತಿ ತಿಂಗಳೂ ಯಾಕೆ ರಜೆ ಎಂದು ಮೇಷ್ಟ್ರು ಕೇಳುತ್ತಿದ್ದರು, ಪಕ್ಕದಲ್ಲಿ ಕೂರುವವನೂ ಕೇಳುತ್ತಿದ್ದ. ಮೂರು ತಿಂಗಳ ಗುಳಿಗೆ ಒಟ್ಟಿಗೆ ಕೊಡಿ ಎಂಬುದು ಹಳೆಯ ಬೇಡಿಕೆ. ಸಣ್ಣವರಿಗೆ ಕೊಟ್ಟರೆ ಕಳೆದುಕೊಂಡಾರು, ತೂಕ ಬದಲಾದೀತು ಎಂಬ ಅಂಜಿಕೆಗಳಿದ್ದವು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಿದ್ದಾಗ ಕೊಡದೆ ವಿಧಿಯಿರಲಿಲ್ಲ, ಕೊಟ್ಟರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಡೊಲುಟೆಗ್ರಾವಿರ್ ಸೇರಿದ ಗುಳಿಗೆ ಬಂದು ಎಫಾವಿರೆಂಜ್‌ನ ಕೆಟ್ಟ ಕನಸುಗಳೂ ಹಿಂದಾದವು.

ಈಗ ಆ ಮೊದಲ ತಲೆಮಾರು ಹದಿಹರೆಯ ದಾಟಿದೆ. ಕರ್ನಾಟಕದ ಗರ್ಭಿಣಿಯರಿಗೆ 2012ರಿಂದ ಮೂರು ಔಷಧಿಗಳ ಚಿಕಿತ್ಸೆ ಬಂದು, 2017ರಿಂದ ಸೋಂಕು ಗೊತ್ತಾದ ದಿನದಿಂದಲೇ ಎಲ್ಲರಿಗೂ ಗುಳಿಗೆ ಸಿಗುವಂತಾದ ಮೇಲೆ ಸೋಂಕಿನೊಂದಿಗೆ ಹುಟ್ಟುವ ಮಕ್ಕಳು ಬಹಳ ಕಡಿಮೆಯಾಗಿದ್ದಾರೆ. ಸಂಶೋಧನೆಯ ಪಟ್ಟಿ ಸಿದ್ಧವಾಗುವ ಹೊತ್ತಿಗೆ ಅದು ಯಾರಿಗಾಗಿ ತಯಾರಾಯಿತೋ ಅವರಲ್ಲಿ ಹಲವರಿಗೆ ಹದಿನೆಂಟು ತುಂಬಿ, ಹಾಸ್ಟೆಲು ಬಿಟ್ಟು, ಹುಬ್ಬಳ್ಳಿಯ ಅಂಗಡಿಗಳಲ್ಲೋ ಬೆಂಗಳೂರಿನ ಗಾರ್ಮೆಂಟ್ಸಿನಲ್ಲೋ ಕೆಲಸಕ್ಕೆ ಸೇರಿಯಾಗಿತ್ತು. ಅವರಲ್ಲಿ ಹೆರಿಗೆಗೆಂದು ಬಂದ ಹೆಣ್ಣುಮಕ್ಕಳ ಕೂಸುಗಳಿಗೆ ಆರನೆಯ ವಾರ ಹಿಮ್ಮಡಿ ಚುಚ್ಚಿ, ಕಾಗದದ ಮೇಲೆ ರಕ್ತದ ಬೊಟ್ಟು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ತಾಯಿ ಗುಳಿಗೆ ತಪ್ಪಿಸದಿದ್ದರೆ ಸಾಮಾನ್ಯವಾಗಿ ಬರುವ ಉತ್ತರ ನೆಗೆಟಿವ್. ಇನ್ನು ಮುಂದೆ ಹದಿಹರೆಯದಲ್ಲಿ ಸೋಂಕು ಕಾಣುವವರು ಬಹುತೇಕ ಬೇರೆ ದಾರಿಯಿಂದ ಬರುವವರು. ಅವರ ಪರೀಕ್ಷೆಯ ಅರ್ಜಿಯಲ್ಲಿ ಪೋಷಕರ ಸಹಿಯ ಜಾಗ ಹಾಗೆಯೇ ಇದೆ.